ಪಂಗಾಸಿಯಸ್ ಹೊಂಡದ ನೀರು ಕೆಳಗಿನ ಹೊಂಡಕ್ಕೆ: ಇಷ್ಟು ಹಸಿರಿದ್ದೂ ಕಾಟ್ಲಾ ಯಾಕೆ ಸೊರಗುತ್ತದೆ?

ಪ್ರಶ್ನೆ: ನಮ್ಮದು ಮಲೇಬೆನ್ನೂರು ಹತ್ತಿರ, ಭದ್ರಾ ನಾಲೆಯ ಕೊನೆಭಾಗ. ಒಂದು ಎಕರೆ ಹೊಂಡದಲ್ಲಿ ಪಂಗಾಸಿಯಸ್ ಮೀನು ಸಾಕಿದ್ದೇನೆ. ದಿನಕ್ಕೆ 40 ಕೆಜಿ ತೇಲುವ ಮೇವು ಹಾಕುತ್ತೇನೆ, ಚೀಲದ ಮೇಲೆ 28% ಪ್ರೋಟೀನ್ ಅಂತಿದೆ. ವಾರಕ್ಕೊಮ್ಮೆ ತಳದ ಪೈಪಿನಿಂದ ಅರ್ಧ ಅಡಿ ನೀರನ್ನು ಕೆಳಗಿನ ಅರ್ಧ ಎಕರೆ ಹೊಂಡಕ್ಕೆ ಬಿಟ್ಟು, ಮೇಲಿನದಕ್ಕೆ ಬೋರ್‌ವೆಲ್ ನೀರು ತುಂಬಿಸುತ್ತೇನೆ. ಕೆಳಗಿನದರಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಇವೆ. ಅವಕ್ಕೆ ಬೇರೆ ಮೇವಿಲ್ಲ. ಮೊದಲ ಎರಡು ವರ್ಷ ಚೆನ್ನಾಗಿ ಬೆಳೆದವು. ಈ ಬೇಸಿಗೆಯಲ್ಲಿ ನೀರು ಕಡುಹಸಿರಾಗಿ, ಗಾಳಿ ತಳ್ಳುವ ಕಡೆಯ ದಡದಲ್ಲಿ ಪೇಂಟ್ ಚೆಲ್ಲಿದ ಹಾಗೆ ಕೆನೆ ಕಟ್ಟಿದೆ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ಮೇಲಿನ ಹೊಂಡದ ಮೀನಿಗೆ ಏನೂ ಆಗಿಲ್ಲ, ಹಾಗಾಗಿ ಇದು ನೀರಿನ ದೋಷ ಅಲ್ಲ, ರೋಗ ಅಂತ ಔಷಧ ಅಂಗಡಿಯವರು ಹೇಳುತ್ತಾರೆ. ಪಕ್ಕದ ತೋಟದವರು ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಿ ಅಂತಾರೆ. ಪ್ಲವಕ (ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳು) ಇದ್ದರೆ ಮೀನಿಗೆ ಒಳ್ಳೆಯದು ಅಂತ ತರಬೇತಿಯಲ್ಲಿ ಕೇಳಿದ್ದೆ. ಇಷ್ಟು ಹಸಿರಿದ್ದೂ ಕಾಟ್ಲಾ ತಲೆ ದಪ್ಪ, ಮೈ ಸಣಕಲು ಯಾಕೆ? ಎಮ್ಮೆಗಳು ಅಲ್ಲೇ ನೀರು ಕುಡಿಯುತ್ತವೆ, ತೊಂದರೆ ಇದೆಯೇ? ಮೀನು ಮಣ್ಣಿನ ವಾಸನೆ ಅಂತ ವ್ಯಾಪಾರಿ ಬೆಲೆ ಇಳಿಸುತ್ತಿದ್ದಾನೆ, ಅದಕ್ಕೂ ಇದಕ್ಕೂ ಸಂಬಂಧ ಉಂಟೇ?

ಉತ್ತರ:

ಎಮ್ಮೆಗಳಿಂದಲೇ ಶುರು ಮಾಡೋಣ. ಅದು ನಾಳೆಗೆ ಬಿಡುವ ಕೆಲಸವಲ್ಲ. ನೀವು ಹೇಳುವ ಕೆನೆ ನೀಲಿಹಸಿರು ಪಾಚಿಯದ್ದಾಗಿರುವ ಸಾಧ್ಯತೆ ತುಂಬಾ ಹೆಚ್ಚು. ಹೆಸರು ಪಾಚಿ, ಜಾತಿಯಲ್ಲಿ ಅದು ಬ್ಯಾಕ್ಟೀರಿಯಾ. ಇದರಲ್ಲಿ ಮೈಕ್ರೊಸಿಸ್ಟಿಸ್ ಎಂಬುದರ ಕೆಲವು ತಳಿಗಳು ಯಕೃತ್ತನ್ನು ಕೆಡಿಸುವ ವಿಷ ತಯಾರಿಸುತ್ತವೆ. ದಡದಲ್ಲಿ ಕೆನೆ ಕಟ್ಟಿದ ಜಾಗದಲ್ಲಿ ಆ ವಿಷ ನಡುನೀರಿಗಿಂತ ಎಷ್ಟೋ ಪಟ್ಟು ದಟ್ಟವಾಗಿರುತ್ತದೆ, ದನಗಳು ಕುಡಿಯುವುದೂ ಅದೇ ದಡದಲ್ಲಿ. ಇಂಥ ನೀರು ಕುಡಿದು ಜಾನುವಾರು ಸತ್ತ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಮನುಷ್ಯರು ಕುಡಿಯುವ ನೀರಿನಲ್ಲಿ ಈ ವಿಷಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಿತಿ ಲೀಟರಿಗೆ 1 ಮೈಕ್ರೊಗ್ರಾಂ, ಅಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಕುದಿಸಿದರೂ ಅದು ಹೋಗುವುದಿಲ್ಲ. ನಿಮ್ಮ ಹೊಂಡದಲ್ಲಿರುವುದು ವಿಷದ ತಳಿಯೋ ಅಲ್ಲವೋ ಎಂದು ಕಣ್ಣಿಂದ ಹೇಳಲು ಬರುವುದಿಲ್ಲ. ಆದ್ದರಿಂದ ಕೆನೆ ಪೂರ್ತಿ ಹೋಗಿ ಕೆಲವು ವಾರ ಕಳೆಯುವ ತನಕ ಎಮ್ಮೆಗಳಿಗೆ ಬೋರ್‌ವೆಲ್ ನೀರನ್ನೇ ತೊಟ್ಟಿಗೆ ಬಿಡಿ, ಮಕ್ಕಳನ್ನು ಈಜಲು ಬಿಡಬೇಡಿ.

ಇನ್ನು ಅಂಗಡಿಯವರ ತರ್ಕ. ಮೇಲಿನ ಮೀನು ಚೆನ್ನಾಗಿವೆ, ಕೆಳಗಿನವು ಬಾಯಿ ಬಿಡುತ್ತಿವೆ, ಆದ್ದರಿಂದ ರೋಗ ಅನ್ನುವುದು ಕೇಳಲು ಸರಿಯೆನಿಸುತ್ತದೆ. ಆದರೆ ಮೇಲಿರುವುದು ಪಂಗಾಸಿಯಸ್. ಅದು ನೀರಿನ ಮೇಲೆ ಬಂದು ಗಾಳಿಯನ್ನೇ ಗುಟುಕರಿಸಬಲ್ಲ ಮೀನು. ಅದರ ಗಾಳಿಚೀಲವೇ ಅರೆಬರೆ ಶ್ವಾಸಕೋಶದ ಕೆಲಸ ಮಾಡುತ್ತದೆ. ನೀರಿನಲ್ಲಿ ಆಮ್ಲಜನಕ ಲೀಟರಿಗೆ 1 ಮಿಲಿಗ್ರಾಮಿಗೆ ಇಳಿದರೂ ಅದು ಮೇವು ತಿನ್ನುತ್ತಾ ಇರುತ್ತದೆ. ಕಾಟ್ಲಾ, ರೋಹುಗಳಿಗೆ ಆ ಸೌಕರ್ಯವಿಲ್ಲ. ಅವಕ್ಕೆ ಕಿವಿರೇ ಗತಿ. 5 ಮಿಲಿಗ್ರಾಮಿಗಿಂತ ಮೇಲಿದ್ದರೆ ಚೆನ್ನಾಗಿ ಬೆಳೆಯುತ್ತವೆ, 3ಕ್ಕಿಂತ ಕೆಳಗೆ ಬಂದರೆ ಕಷ್ಟಪಡುತ್ತವೆ, 1ರ ಆಸುಪಾಸಿನಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ. ಹಾಗಾಗಿ ಪಂಗಾಸಿಯಸ್ ಸುಖವಾಗಿರುವುದು ನೀರು ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಈ ಮೀನಿನ ಹೊಂಡದಿಂದ ಹೊರಬರುವ ನೀರನ್ನು ಕಾಟ್ಲಾ, ರೋಹುವಿನಂಥ ಗೆಂಡೆಗಳಿಗೆ ಬಿಡುವವರೆಲ್ಲ ಇದೊಂದನ್ನು ಗಟ್ಟಿಯಾಗಿ ನೆನಪಿಡಬೇಕು.

ರೋಗವಾಗಿದ್ದರೆ ಮೀನು ಹಗಲೂ ಮಂಕಾಗಿರುತ್ತಿತ್ತು, ಮೈಮೇಲೆ ಗಾಯ, ಕಿವಿರಿನಲ್ಲಿ ಕೊಳೆತ ಕಾಣುತ್ತಿತ್ತು. ನಸುಕಿನಲ್ಲಿ ಮೇಲೆ ಬಂದು ಬಾಯಿ ಬಿಟ್ಟು, ಬಿಸಿಲೇರಿದ ಮೇಲೆ ಏನೂ ಆಗಿಲ್ಲವೆಂಬಂತೆ ಕೆಳಗಿಳಿದರೆ ಅದು ಉಸಿರಿನ ಕೊರತೆ. ಹಗಲು ಪಾಚಿ ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತದೆ. ನಿಮ್ಮಂಥ ಹೊಂಡದಲ್ಲಿ ಮಧ್ಯಾಹ್ನ ಅಳೆದರೆ 28 ಡಿಗ್ರಿ ನೀರು ಸಹಜವಾಗಿ ಹಿಡಿದಿಡಬಲ್ಲ 7.8 ಮಿಲಿಗ್ರಾಮಿನ ದುಪ್ಪಟ್ಟು ಸಿಕ್ಕರೂ ಆಶ್ಚರ್ಯವಿಲ್ಲ. ರಾತ್ರಿ ಅದೇ ಪಾಚಿಯೂ ಉಸಿರಾಡುತ್ತದೆ, ಮೀನೂ ಉಸಿರಾಡುತ್ತದೆ. ಇಬ್ಬರಿಗಿಂತ ಹೆಚ್ಚಾಗಿ ತಳದ ಕೆಸರು ಉಸಿರಾಡುತ್ತದೆ. ನೀವು ತಳದ ಪೈಪಿನಿಂದ ಬಿಡುತ್ತಿರುವುದು ನೀರಿಗಿಂತ ಹೆಚ್ಚಾಗಿ ಆ ಕೆಸರನ್ನೇ. ಎರಡು ದಿನ ಮೋಡ ಕವಿದರೆ ಲೆಕ್ಕ ಇನ್ನೂ ಕೆಡುತ್ತದೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಒಮ್ಮೆಗೇ ತೇಲಿದ್ದು ನಿಮಗೆ ನೆನಪಿರಬಹುದು. ಅಲ್ಲಿಗೆ ಸೇರುತ್ತಿದ್ದದ್ದು ಊರಿನ ಕೊಳಚೆ, ನಿಮ್ಮಲ್ಲಿ ಮೀನಿನ ಕೊಳಚೆ. ಬೇಸಿಗೆಯಲ್ಲಿ ಆಮ್ಲಜನಕ ಕುಸಿಯುವ ಬಗೆ ಎರಡೂ ಕಡೆ ಒಂದೇ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಪ್ಲವಕ ಒಳ್ಳೆಯದು ಅಂತ ತರಬೇತಿಯಲ್ಲಿ ಹೇಳಿದ್ದು ಸುಳ್ಳಲ್ಲ. ಆದರೆ ಅದರಲ್ಲಿ ಎರಡು ಬಗೆಯಿದೆ. ಸಸ್ಯಪ್ಲವಕ ನೀರಿಗೆ ಬಣ್ಣ ಕೊಡುತ್ತದೆ. ಪ್ರಾಣಿಪ್ಲವಕ ಆ ಸಸ್ಯಪ್ಲವಕವನ್ನು ತಿಂದು ಬೆಳೆಯುತ್ತದೆ. ಕಾಟ್ಲಾ ಬಾಯಿ ಮೇಲ್ಮುಖವಾಗಿ ತೆರೆಯುವ ಮೀನು, ಮೇಲಿನ ಪದರದಲ್ಲಿ ಪ್ರಾಣಿಪ್ಲವಕವನ್ನು ಸೋಸಿ ತಿನ್ನುತ್ತದೆ. ಹೊಂಡ ಎಷ್ಟು ಹಸಿರಾಗಿದೆ ಎಂಬುದು ಕಾಟ್ಲಾದ ಊಟದ ಅಳತೆಯಲ್ಲ. ಹಸಿರು ಪ್ರಾಣಿಪ್ಲವಕವಾಗಿ ಬದಲಾಗುತ್ತಿದೆಯೇ ಅನ್ನುವುದೇ ಅಳತೆ. ನಿಮ್ಮಲ್ಲಿ ಆ ಕೊಂಡಿ ಕಳಚಿದೆ. ಮೈಕ್ರೊಸಿಸ್ಟಿಸ್ ಲೋಳೆಯಲ್ಲಿ ಹುದುಗಿದ ಗುಂಪುಗಳಾಗಿ ಬೆಳೆಯುತ್ತದೆ. ಮೊಯಿನಾ, ಡಾಫ್ನಿಯಾದಂಥ ನೀರುಚಿಗಟೆಗಳ ಬಾಯಿಗೆ ಆ ಗುಂಪು ಹಿಡಿಸುವುದಿಲ್ಲ, ಅವುಗಳ ಸೋಸುವ ಕಾಲುಗಳಿಗೆ ಸಿಕ್ಕಿಕೊಳ್ಳುತ್ತದೆ, ತಿಂದರೂ ಪುಷ್ಟಿಯಿಲ್ಲ. ಅವು ಕಡಿಮೆಯಾದವು, ಕಾಟ್ಲಾ ಉಪವಾಸ ಬಿತ್ತು. ತಲೆ ಬೆಳೆದು ಮೈ ಸಣಕಲಾಗುವುದು ಹಸಿದ ಕಾಟ್ಲಾದ ಲಕ್ಷಣವೇ.

ಇದನ್ನು ನೀವೇ ಪರೀಕ್ಷಿಸಬಹುದು. ಬಿಳಿ ಗಾಜಿನ ಬಾಟಲಿಯೊಂದರಲ್ಲಿ ಹೊಂಡದ ನೀರು ತುಂಬಿ, ಅಲುಗಾಡಿಸದೆ ನೆರಳಿನಲ್ಲಿ ರಾತ್ರಿಯಿಡೀ ಬಿಡಿ. ಮೈಕ್ರೊಸಿಸ್ಟಿಸ್‌ನ ಜೀವಕೋಶದೊಳಗೆ ಗಾಳಿ ತುಂಬಿದ ಸೂಕ್ಷ್ಮ ಕೋಶಗಳಿರುತ್ತವೆ, ಆದ್ದರಿಂದ ಅದು ಮೇಲೆದ್ದು ಕತ್ತಿನಲ್ಲಿ ಹಸಿರು ಉಂಗುರ ಕಟ್ಟುತ್ತದೆ, ಕೆಳಗಿನ ನೀರು ಹೆಚ್ಚುಕಡಿಮೆ ತಿಳಿಯಾಗುತ್ತದೆ. ಕ್ಲೊರೆಲ್ಲಾ, ಸೀನೆಡೆಸ್ಮಸ್‌ನಂಥ ಒಳ್ಳೆಯ ಹಸಿರು ಪಾಚಿಯಾದರೆ ನೀರೆಲ್ಲ ಹಸಿರಾಗಿಯೇ ಇರುತ್ತದೆ ಅಥವಾ ನಿಧಾನವಾಗಿ ತಳ ಸೇರುತ್ತದೆ.

ಇನ್ನೊಂದು, ಪ್ಲವಕದ ಬಲೆ. ಬೋಲ್ಟಿಂಗ್ ಬಟ್ಟೆಯ (ತೀರಾ ಸಣ್ಣ ರಂಧ್ರದ ಜರಡಿ ಬಟ್ಟೆ) ಸಣ್ಣ ಶಂಕು, ತುದಿಯಲ್ಲಿ ಒಂದು ಗಾಜಿನ ಕೊಳವೆ. ಮರಿ ಉತ್ಪಾದನಾ ಕೇಂದ್ರದವರಲ್ಲಿ ಇದ್ದೇ ಇರುತ್ತದೆ, ಕೇಳಿದರೆ ಒಂದು ದಿನಕ್ಕೆ ಕೊಡುತ್ತಾರೆ. ಹೊಂಡದ ನಾಲ್ಕಾರು ಕಡೆಯಿಂದ ಬಕೆಟ್‌ನಲ್ಲಿ ಒಟ್ಟು 50 ಲೀಟರ್ ನೀರು ಎತ್ತಿ ಬಲೆಗೆ ಸುರಿಯಿರಿ. ಕೊಳವೆಗೆ ಒಂದು ಚಿಟಿಕೆ ಉಪ್ಪು ಹಾಕಿ ಕಾಲು ಗಂಟೆ ನಿಲ್ಲಿಸಿ. ಪ್ರಾಣಿಪ್ಲವಕ ಸತ್ತು ತಳ ಸೇರುತ್ತದೆ. 1ರಿಂದ 2 ಮಿಲಿಲೀಟರ್ ಸಿಕ್ಕರೆ ಹೊಂಡ ಹದವಾಗಿದೆ ಎಂದು ನಮ್ಮಲ್ಲಿ ಲೆಕ್ಕ. ನಿಮ್ಮ ಹೊಂಡದಲ್ಲಿ ಏನಾಗಬಹುದು ಅಂದರೆ, ಕೊಳವೆಯ ಮೇಲ್ಭಾಗದಲ್ಲಿ ದಪ್ಪ ಹಸಿರು ಪದರ ತೇಲುತ್ತದೆ, ತಳದಲ್ಲಿ ಬಿಳುಚಾದ ಗೆರೆಯಷ್ಟೂ ಇರುವುದಿಲ್ಲ. ಅಳೆಯಬೇಕಾದದ್ದು ಆ ತಳದ್ದು. ಉಪ್ಪು ಹಾಕುವ ಮೊದಲು ಕೊಳವೆಯನ್ನು ಬಿಸಿಲಿಗೆ ಹಿಡಿದು ನೋಡಿ. ಮೊಯಿನಾ ಕುಪ್ಪಳಿಸುತ್ತಾ ಹೋಗುತ್ತದೆ. ಸೈಕ್ಲೋಪ್ಸ್ ಒಂದೇ ಜಿಗಿತಕ್ಕೆ ಕಣ್ಣಿಗೆ ತಪ್ಪಿಸಿಕೊಳ್ಳುತ್ತದೆ, ಹೆಣ್ಣಾದರೆ ಬಾಲದ ಎರಡು ಪಕ್ಕ ಮೊಟ್ಟೆಯ ಚೀಲ ತೂಗುತ್ತಿರುತ್ತದೆ. ರೋಟಿಫರ್‌ಗಳು ಬರಿಗಣ್ಣಿಗೆ ಬಿಳಿ ಧೂಳಿನಷ್ಟೇ, ಅವನ್ನು ನೋಡಲು ಸೂಕ್ಷ್ಮದರ್ಶಕ ಬೇಕು. ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ದರೆ ಹತ್ತು ನಿಮಿಷದ ಕೆಲಸ. ಬ್ರಾಕಿಯೋನಸ್ ಎಂಬ ಮುಳ್ಳಿನ ರೋಟಿಫರ್ ಮಾತ್ರ ರಾಶಿರಾಶಿ ಇದ್ದು, ದೊಡ್ಡ ಜಾತಿಗಳೇ ಇಲ್ಲವಾದರೆ ನೀರಿಗೆ ಕೊಳೆಯುವ ಪದಾರ್ಥ ಅತಿಯಾಗಿ ಬರುತ್ತಿದೆ ಎಂದು ಅರ್ಥ.

ಮೊದಲೆರಡು ವರ್ಷ ಇದೇ ನೀರಿನಲ್ಲಿ ಮೀನು ಬೆಳೆದವಲ್ಲ, ಈಗೇನಾಯಿತು? ಉತ್ತರ ನಿಮ್ಮ ಮೇವಿನ ಚೀಲದಲ್ಲಿದೆ. ದಿನಕ್ಕೆ 40 ಕೆಜಿ ಮೇವು, 28% ಪ್ರೋಟೀನ್, ಅಂದರೆ 11.2 ಕೆಜಿ ಪ್ರೋಟೀನ್. ಅದನ್ನು 6.25ರಿಂದ ಭಾಗಿಸಿದರೆ ಸಾರಜನಕ ಸಿಗುತ್ತದೆ, ಸುಮಾರು 1.8 ಕೆಜಿ. ಮೀನಿನ ಮೈಗೆ ಹತ್ತುವುದು ಅದರಲ್ಲಿ ಕಾಲುಭಾಗದಿಂದ ಮೂರನೇ ಒಂದು ಭಾಗ. ಉಳಿದ 1.2–1.3 ಕೆಜಿ ನೀರಿಗೆ. ಅದರ ಬಹುಪಾಲು ಕಿವಿರಿನಿಂದಲೇ ಅಮೋನಿಯಾ ಆಗಿ ಹೊರಬರುತ್ತದೆ, ಅದು ಕಣ್ಣಿಗೆ ಕಾಣುವ ಕೊಳಕೇ ಅಲ್ಲ. ರಂಜಕವೂ ಹಾಗೆಯೇ. ಮೇವಿನಲ್ಲಿ ನೂರಕ್ಕೆ ಒಂದರಷ್ಟು ಇದೆ ಎಂದಿಟ್ಟುಕೊಂಡರೆ ದಿನಕ್ಕೆ 400 ಗ್ರಾಂ ಬರುತ್ತದೆ, ಅದರಲ್ಲಿ 270 ಗ್ರಾಂ ಹೊರಗೆ ಹೋಗುತ್ತದೆ. ವರ್ಷಕ್ಕೆ 300 ದಿನ ಮೇವು ಹಾಕಿದರೆ 80 ಕೆಜಿ ರಂಜಕ. ಸೂಪರ್ ಫಾಸ್ಫೇಟಿನ ಲೆಕ್ಕದಲ್ಲಿ ಹೇಳುವುದಾದರೆ 50 ಕೆಜಿಯ ಸುಮಾರು 23 ಚೀಲ. ಒಂದೂವರೆ ಎಕರೆ ನೀರಿಗೆ ಪ್ರತಿ ವರ್ಷ 23 ಚೀಲ ಸೂಪರ್ ಫಾಸ್ಫೇಟ್ ಸುರಿಯಿರಿ ಅಂತ ಯಾರಾದರೂ ಹೇಳಿದ್ದರೆ ನೀವು ನಗುತ್ತಿದ್ದಿರಿ.

ಸಾರಜನಕದ ಒಂದಷ್ಟು ಭಾಗ ಗಾಳಿಗೆ ಹಾರಿಹೋಗುತ್ತದೆ. ರಂಜಕಕ್ಕೆ ಆ ದಾರಿಯಿಲ್ಲ, ಅದು ಹೊಂಡದಲ್ಲೇ ಕೂರುತ್ತದೆ. ಮೊದಲ ವರ್ಷಗಳಲ್ಲಿ ತಳದ ಮಣ್ಣು, ಅದರಲ್ಲೂ ಕಬ್ಬಿಣದ ಅಂಶವಿರುವ ಮಣ್ಣು, ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ದಿನಗಳಲ್ಲಿ ನಿಮ್ಮ ಕೆಳಗಿನ ಹೊಂಡಕ್ಕೆ ಹದವಾದ ಗೊಬ್ಬರ ಸಿಗುತ್ತಿತ್ತು, ಮೀನು ಬೆಳೆದವು. ಕೆಸರು ದಪ್ಪವಾಗಿ ತಳದಲ್ಲಿ ಆಮ್ಲಜನಕ ಇಲ್ಲವಾದ ಕೂಡಲೇ ಅದೇ ಮಣ್ಣು ಹಿಡಿದಿದ್ದನ್ನು ವಾಪಸ್ ಬಿಡಲು ತೊಡಗುತ್ತದೆ. ಆಗ ಪೈಪು ಮುಚ್ಚಿದರೂ ಹೊಂಡಕ್ಕೆ ಒಳಗಿನಿಂದಲೇ ಗೊಬ್ಬರ ಬರುತ್ತಿರುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪಾಚಿಗೆ ತೂಕದ ಲೆಕ್ಕದಲ್ಲಿ ಒಂದು ಪಾಲು ರಂಜಕಕ್ಕೆ ಏಳು ಪಾಲು ಸಾರಜನಕ ಬೇಕು. ನಿಮ್ಮ ಮೀನಿನ ತ್ಯಾಜ್ಯದಲ್ಲಿ ಅದು ಒಂದಕ್ಕೆ ನಾಲ್ಕೂವರೆ. ಮೇಲಾಗಿ ಸಾರಜನಕ ಹಾರಿಹೋಗುತ್ತದೆ. ರಂಜಕ ಹೆಚ್ಚು, ಸಾರಜನಕ ಕಡಿಮೆ ಇರುವ ನೀರು ಒಳ್ಳೆಯ ಹಸಿರು ಪಾಚಿಗೆ ಒಗ್ಗುವುದಿಲ್ಲ. ಅನಾಬೀನಾದಂಥ ನೀಲಿಹಸಿರು ಪಾಚಿಗಳು ಗಾಳಿಯ ಸಾರಜನಕವನ್ನೇ ಹಿಡಿದು ಬಳಸುತ್ತವೆ, ಅವಕ್ಕೆ ಇದು ಹಬ್ಬ. ಮೈಕ್ರೊಸಿಸ್ಟಿಸ್‌ಗೆ ಆ ವಿದ್ಯೆ ಇಲ್ಲ. ಅದು ಗೆಲ್ಲುವುದು ತೇಲುವ ಬಲದಿಂದ. ಬಿಸಿಲು, ಬಿಸಿ, ಅಲುಗದ ನೀರು ಸಿಕ್ಕರೆ ಮೇಲೆ ಹರಡಿಕೊಂಡು ಕೆಳಗಿನವರಿಗೆ ಬೆಳಕು ತಪ್ಪಿಸುತ್ತದೆ. ನಿಮ್ಮ ಬೇಸಿಗೆ ಅದಕ್ಕೆ ಮೂರನ್ನೂ ಕೊಟ್ಟಿದೆ. ಕೆಲವರು ಇದಕ್ಕೆ ಯೂರಿಯಾ ಹಾಕಿ ಸರಿದೂಗಿಸಿ ಎಂದು ಸಲಹೆ ಕೊಡುತ್ತಾರೆ. ಈಗಿನ ಸ್ಥಿತಿಯಲ್ಲಿ ಅದು ಬೇಡವೇ ಬೇಡ. ಕಾರಣ ಅಮೋನಿಯಾ.

ಅಮೋನಿಯಾ ಕಿಟ್ ತೋರಿಸುವುದು ಒಟ್ಟು ಅಮೋನಿಯಾ. ಅದರಲ್ಲಿ ಮೀನನ್ನು ಕೊಲ್ಲುವ ರೂಪ ಎಷ್ಟಿದೆ ಎಂಬುದನ್ನು ತೀರ್ಮಾನಿಸುವುದು ಪಿಎಚ್. 28 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ವಿಷರೂಪ ನೂರಕ್ಕೆ ಒಂದೂ ಇಲ್ಲ. 8ಕ್ಕೆ ಏರಿದರೆ ಸುಮಾರು 7%, 9ಕ್ಕೆ ಏರಿದರೆ 40% ದಾಟುತ್ತದೆ. ದಟ್ಟ ಪಾಚಿಯ ಹೊಂಡದಲ್ಲಿ ಹಗಲು ಇಂಗಾಲಾಮ್ಲವನ್ನೆಲ್ಲ ಪಾಚಿ ಎಳೆದುಕೊಳ್ಳುವುದರಿಂದ ಸಂಜೆ ನಾಲ್ಕರ ಹೊತ್ತಿಗೆ ಪಿಎಚ್ 9 ಮುಟ್ಟುವುದು ಮಾಮೂಲು. ಹೀಗೆ ನಿಮ್ಮ ಮೀನಿಗೆ ನಸುಕಿನಲ್ಲಿ ಉಸಿರಿನ ಕಷ್ಟ, ಸಂಜೆ ಅಮೋನಿಯಾದ ಕಷ್ಟ. ಬೆಳಿಗ್ಗೆ ಹನ್ನೊಂದಕ್ಕೆ ಬಂದು ನೀರು ಪರೀಕ್ಷೆ ಮಾಡಿ ಎಲ್ಲ ಸರಿ ಇದೆ ಎಂದು ಹೇಳಿ ಹೋಗುವವರ ವರದಿಗೆ ಬೆಲೆ ಇಲ್ಲ ಎನ್ನುವುದು ಇದಕ್ಕೇ. ಆಮ್ಲಜನಕವನ್ನು ಸೂರ್ಯೋದಯಕ್ಕೆ ಮುಂಚೆ ಅಳೆಯಬೇಕು. ಪಿಎಚ್ ಮತ್ತು ಅಮೋನಿಯಾವನ್ನು ಸಂಜೆ. ಸುಣ್ಣ ಹಾಕುವ ಯೋಚನೆಯಿದ್ದರೂ ಸಂಜೆಯ ಪಿಎಚ್ ನೋಡಿಯೇ ಹಾಕಿ. ಪಿಎಚ್ ಏರಿದ ನೀರಿಗೆ ಸುಟ್ಟ ಸುಣ್ಣ ಸುರಿದರೆ ಇನ್ನೂ ಏರುತ್ತದೆ, ಅದೇ ಸಂಜೆ ಮೀನು ಸಾಯಬಹುದು.

ಮೈಲುತುತ್ತದ ಬಗ್ಗೆ. ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ) ಹೊಡೆಯುವ ಊರಿನಲ್ಲಿ ಅದು ಎಲ್ಲರ ಮನೆಯಲ್ಲೂ ಇರುತ್ತದೆ, ಅದಕ್ಕೇ ಈ ಸಲಹೆ ಇಷ್ಟು ಸುಲಭವಾಗಿ ಬರುತ್ತದೆ. ನಿಮ್ಮ ಕೆಳಗಿನ ಹೊಂಡದಲ್ಲಿ ಸರಾಸರಿ ಐದು ಅಡಿ ನೀರಿದ್ದರೆ ಒಟ್ಟು 3000 ಘನ ಮೀಟರ್, ಅಂದರೆ 30 ಲಕ್ಷ ಲೀಟರ್. ಪಾಚಿಗೆ ಬಳಸುವ ಲೀಟರಿಗೆ ಅರ್ಧ ಮಿಲಿಗ್ರಾಂ ಪ್ರಮಾಣಕ್ಕೆ ಇಡೀ ಹೊಂಡಕ್ಕೆ ಬೇಕಾಗುವುದು ಒಂದೂವರೆ ಕೆಜಿ ಮಾತ್ರ. ನೂರು ಲೀಟರಿಗೆ ಒಂದು ಕೆಜಿ ಕಲಸಿ ರೂಢಿಯಾದ ಕೈ ಅಷ್ಟಕ್ಕೆ ನಿಲ್ಲುವುದಿಲ್ಲ. ಕ್ಷಾರತೆ ಕಡಿಮೆ ಇರುವ ನೀರಿನಲ್ಲಿ ಅಷ್ಟೇ ತಾಮ್ರವೂ ಮೀನಿಗೆ ಹೊಡೆಯುತ್ತದೆ. ಅಳಿದುಳಿದ ಪ್ರಾಣಿಪ್ಲವಕವೂ ಸಾಯುತ್ತದೆ. ಸರಿಯಾದ ಅಳತೆಯಲ್ಲಿ ಹಾಕಿ ಪಾಚಿ ಸತ್ತಿತು ಅನ್ನಿ, ಆಗಲೂ ಅಷ್ಟು ಪಾಚಿ ಒಮ್ಮೆಗೇ ಕೊಳೆಯುತ್ತದೆ. ಇಂದು ನಸುಕಿಗೆ ಬಾಯಿ ಬಿಡುತ್ತಿರುವ ಮೀನು ನಾಳಿದ್ದು ತೇಲುತ್ತವೆ. ಜೀವಕೋಶ ಒಡೆದು ಒಳಗಿನ ವಿಷವೆಲ್ಲ ನೀರಿಗೆ ಬರುವುದು ಇನ್ನೊಂದು ಅಪಾಯ. 1979ರಲ್ಲಿ ಆಸ್ಟ್ರೇಲಿಯಾದ ಪಾಮ್ ದ್ವೀಪದಲ್ಲಿ ಕುಡಿಯುವ ನೀರಿನ ಜಲಾಶಯದ ಪಾಚಿಗೆ ಮೈಲುತುತ್ತ ಹಾಕಿದ ಕೆಲವೇ ದಿನಗಳಲ್ಲಿ ನೂರಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು, ಕಾಯಿಲೆ ಬಿದ್ದರು. ಅಲ್ಲಿದ್ದದ್ದು ಬೇರೆ ಜಾತಿಯ ನೀಲಿಹಸಿರು ಪಾಚಿ, ಆದರೆ ವಿಷ ಹೊರಬಂದ ದಾರಿ ಇದೇ. ಪಕ್ಕದ ತೋಟದವರಿಗೆ ಬೇಸರವಾಗದಂತೆ ಬೇಡ ಅನ್ನಿ.

ಅಂಗಡಿಯಲ್ಲಿ ಸಿಗುವ ಪ್ರೋಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾದ) ಪೊಟ್ಟಣ, ಅಮೋನಿಯಾ ಹೀರುತ್ತದೆ ಎಂದು ಮಾರುವ ಜಿಯೋಲೈಟ್ ಪುಡಿಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಚುಟುಕಾಗಿ ಇಷ್ಟು: ಸಣ್ಣ ತೊಟ್ಟಿಗೆ ಸರಿ, 30 ಲಕ್ಷ ಲೀಟರಿನ ತೆರೆದ ಹೊಂಡಕ್ಕೆ ದುಡ್ಡು ದಂಡ. ಆ ಹಣ ಕೂಡಿಸಿ ಒಂದು ಎಚ್‌ಪಿಯ ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ಕೊಳ್ಳಿ.

ಹಾಗಾದರೆ ಈಗಲೇ ಏನು ಮಾಡಬೇಕು? ಕೆಳಗಿನ ಹೊಂಡದ ಪೈಪು ಇವತ್ತೇ ಮುಚ್ಚಿ. ಕನಿಷ್ಠ ಎರಡು ವಾರ ಅಲ್ಲಿಗೆ ಏನೂ ಹೋಗಬಾರದು, ಸೆಗಣಿಯೂ ಬೇಡ. ರಾತ್ರಿ ಎರಡರಿಂದ ಸೂರ್ಯೋದಯದ ತನಕ ಏರೇಟರ್ ಓಡಿಸಿ. ಏರೇಟರ್ ಸಿಗುವ ತನಕ ಪಂಪ್‌ಸೆಟ್‌ನಿಂದ ಹೊಂಡದ ನೀರನ್ನೇ ಎತ್ತಿ ಎತ್ತರದಿಂದ ಚದುರಿ ಬೀಳುವಂತೆ ವಾಪಸ್ ಬಿಡಿ. ನೇರವಾಗಿ ಬೋರ್‌ವೆಲ್ ನೀರು ಬಿಟ್ಟರೆ ಸಾಲದು. ಆಳದ ನೀರಿನಲ್ಲಿ ಆಮ್ಲಜನಕ ಹೆಚ್ಚಾಗಿ ಇರುವುದೇ ಇಲ್ಲ, ಅದನ್ನೂ ಚಿಮ್ಮಿಸಿಯೇ ಬಿಡಬೇಕು. ಮಧ್ಯಾಹ್ನ ಎರಡರ ಸುಮಾರಿಗೆ ಒಂದು ಗಂಟೆ ಓಡಿಸಿದರೆ ಮೇಲಿನ ಪದರದಲ್ಲಿ ತುಂಬಿತುಳುಕುವ ಆಮ್ಲಜನಕ ತಳಕ್ಕೂ ಇಳಿಯುತ್ತದೆ, ತೇಲುವ ಪಾಚಿಯ ಆಟವೂ ಕೆಡುತ್ತದೆ. ಆದರೆ ಕೆಸರು ಕದಡದಂತೆ ನೋಡಿಕೊಳ್ಳಿ.

ಕೆನೆಯನ್ನು ತೆಗೆಯಿರಿ. ಬೆಳಿಗ್ಗೆ ಗಾಳಿ ಅದನ್ನು ಒಂದು ಮೂಲೆಗೆ ತಳ್ಳಿರುವಾಗ ಹಳೆಯ ಸೀರೆಯನ್ನು ಇಬ್ಬರು ಹಿಡಿದು ಎಳೆದರೆ ಬಕೆಟ್‌ಗಟ್ಟಲೆ ಬರುತ್ತದೆ. ಕೈಗೆ ಗವಸು ಹಾಕಿ. ತೆಗೆದದ್ದನ್ನು ದನಕರು, ಕೋಳಿ ಮುಟ್ಟದ ಕಡೆ ಗುಂಡಿ ತೋಡಿ ಮುಚ್ಚಿ, ದಂಡೆಯ ಮೇಲೆ ಬಿಟ್ಟರೆ ಮೊದಲ ಮಳೆಗೆ ವಾಪಸ್ ಹೊಂಡಕ್ಕೇ. ಇದು ಬರೀ ಮೇಲ್ತೋರಿಕೆಯ ಕೆಲಸ ಅಂದುಕೊಳ್ಳಬೇಡಿ. ಹೊಂಡದಿಂದ ರಂಜಕ ಹೊರಗೆ ಹೋಗುವ ಕೆಲವೇ ದಾರಿಗಳಲ್ಲಿ ಇದೊಂದು, ಮೀನು ಹಿಡಿಯುವುದು ಇನ್ನೊಂದು, ಹೂಳು ತೆಗೆಯುವುದು ಮತ್ತೊಂದು.

ಮುಂದಿನ ವ್ಯವಸ್ಥೆಗೆ ಮೊದಲು ಅಳತೆ ಸರಿಯಾಗಬೇಕು. ಏರೇಟರ್ ಇಲ್ಲದ ಹೊಂಡ ತಾಳಿಕೊಳ್ಳುವುದು ಹೆಕ್ಟೇರಿಗೆ ದಿನಕ್ಕೆ 30ರಿಂದ 50 ಕೆಜಿ ಮೇವಿನ ಕೊಳಕನ್ನು. ನಿಮ್ಮ ಅರ್ಧ ಎಕರೆಗೆ ಅದು 6ರಿಂದ 10 ಕೆಜಿ. ಮೇಲೆ ನೀವು ಹಾಕುವುದು 40. ಮೇಲಿನ ಕೊಳಕೆಲ್ಲ ಕೆಳಗೆ ಬರುವುದಿಲ್ಲ ನಿಜ, ಆದರೂ ಅದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಕೆಳಗಿನ ಹೊಂಡಕ್ಕೆ ಬರಬಾರದು. ಬರುವುದೂ ವಾರಕ್ಕೊಮ್ಮೆ ಒಂದೇ ಉಸಿರಿಗೆ ಬರಬಾರದು. ಅರ್ಧ ಅಡಿ ನೀರು ಅಂದರೆ ಒಂದು ಎಕರೆಯಿಂದ 600 ಘನ ಮೀಟರ್, ಕೆಳಗಿನ ಹೊಂಡದ ಐದನೇ ಒಂದು ಭಾಗ. ಪ್ಲವಕ ಒಂದು ಹದಕ್ಕೆ ಬರುವಷ್ಟರಲ್ಲಿ ಮತ್ತೊಂದು ಹೊಡೆತ.

ಕೋಲ್ಕತ್ತದ ಪೂರ್ವದ ಜೌಗುಪ್ರದೇಶದಲ್ಲಿ ಇಡೀ ನಗರದ ಕೊಳಚೆ ನೀರಿನಲ್ಲಿ ಮೀನು ಸಾಕುತ್ತಾರೆ, 12,500 ಹೆಕ್ಟೇರಿನ ಆ ಪ್ರದೇಶ 2002ರಲ್ಲಿ ರಾಮ್ಸರ್ ತಾಣವೂ (ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶ) ಆಯಿತು. ಅಲ್ಲಿಯ ಮೀನುಗಾರರ ಗುಟ್ಟು ಔಷಧಿಯಲ್ಲಿಲ್ಲ. ಹೊಂಡ ಒಣಗಿಸುತ್ತಾರೆ, ಸುಣ್ಣ ಹಾಕುತ್ತಾರೆ, ಕೊಳಚೆ ತುಂಬಿ ಬಿಸಿಲಿಗೆ ಕೆಲವು ವಾರ ಬಿಟ್ಟು, ಪ್ಲವಕ ಎದ್ದ ಮೇಲೆ ಮೀನು ಬಿಡುತ್ತಾರೆ. ಆಮೇಲೆ ನೀರಿನ ಬಣ್ಣ ನೋಡಿ ತೂಬನ್ನು ಸ್ವಲ್ಪ ಸ್ವಲ್ಪವೇ ತೆರೆಯುತ್ತಾರೆ. ಕೊಳಚೆ ಅಲ್ಲಿ ಗೊಬ್ಬರವಾಗಿರುವುದು ಅಳತೆಯ ಬಲದಿಂದ.

ನಿಮ್ಮಲ್ಲಿ ಎರಡು ಹೊಂಡದ ನಡುವೆ ಒಂದು ತಿಳಿಗುಂಡಿ ಬೇಕು. 50 ಅಡಿ ಉದ್ದ, 20 ಅಡಿ ಅಗಲ, 4 ಅಡಿ ಆಳ ಸಾಕು, ಅದು 113 ಘನ ಮೀಟರ್ ಹಿಡಿಯುತ್ತದೆ. ಜೆಸಿಬಿಗೆ ಒಂದು ದಿನದ ಕೆಲಸವೂ ಅಲ್ಲ. ವಾರದ ನೀರನ್ನು ಏಳು ಪಾಲು ಮಾಡಿದರೆ ದಿನಕ್ಕೆ 85 ಘನ ಮೀಟರ್, ಅದು ಗುಂಡಿಯಲ್ಲಿ ಒಂದು ದಿನಕ್ಕೂ ಹೆಚ್ಚು ನಿಲ್ಲುತ್ತದೆ. ಹಿಕ್ಕೆ, ತಿನ್ನದೆ ಉಳಿದ ಮೇವು ಅಲ್ಲೇ ಕೂರುತ್ತದೆ. ಕೂತದ್ದನ್ನು ಎರಡು ಮೂರು ತಿಂಗಳಿಗೊಮ್ಮೆ ಬಳಿದು ಒಣಗಿಸಿ ತೋಟಕ್ಕೆ ಹಾಕಿ. ಕರಗಿರುವ ಅಮೋನಿಯಾ, ತೇಲುವ ಪಾಚಿ ಗುಂಡಿಯಲ್ಲಿ ನಿಲ್ಲುವುದಿಲ್ಲ, ಆ ಭ್ರಮೆ ಬೇಡ. ಗುಂಡಿಯಿಂದ ಹೊರಬಂದ ನೀರಿನಲ್ಲಿ ಕಾಲುಭಾಗ ಕೆಳಗಿನ ಹೊಂಡಕ್ಕೆ, ಮುಕ್ಕಾಲು ಅಡಿಕೆ ತೋಟಕ್ಕೋ ಗದ್ದೆಗೋ ಹೋಗಲಿ.

ಗದ್ದೆಗೆ ಗೊಬ್ಬರ ಅತಿಯಾಗುತ್ತದೆ ಎಂಬ ಭಯ ಬೇಡ. ನೀರಿನಲ್ಲಿ ಲೀಟರಿಗೆ 5 ಮಿಲಿಗ್ರಾಂ ಸಾರಜನಕ ಇದೆ ಅಂದುಕೊಂಡರೂ 600 ಘನ ಮೀಟರಿನಲ್ಲಿ ಬರುವುದು 3 ಕೆಜಿ, ಆರೂವರೆ ಕೆಜಿ ಯೂರಿಯಾಕ್ಕೆ ಸಮ. ಭತ್ತಕ್ಕೆ ಅದು ಏನೇನೂ ಅಲ್ಲ. ನೀರಿಗೆ ಹಾನಿ ಮಾಡುವ ಅಳತೆಯೇ ಬೇರೆ, ಮಣ್ಣು ಅರಗಿಸಿಕೊಳ್ಳುವ ಅಳತೆಯೇ ಬೇರೆ. ನಾಲೆ ನೀರು ತಲುಪುವುದೇ ಅನುಮಾನ ಅನ್ನುವ ಕೊನೆಭಾಗದಲ್ಲಿ ನಿಮಗೆ ಆ ನೀರೇ ಲಾಭ. ಬುಡಕ್ಕೆ ಹಾಯಿಸಿ, ಸೊಪ್ಪು ತರಕಾರಿಯ ಎಲೆ ಮೇಲೆ ಮಾತ್ರ ಸಿಂಪಡಿಸಬೇಡಿ.

ನೀರು ತೆಗೆಯುವ ಜಾಗವನ್ನೂ ಬದಲಿಸಿ. ಕೆಳಗಿನ ಹೊಂಡದ ಪಾಲಿಗೆ ಮೇಲಿನ ಅಥವಾ ನಡುವಿನ ಪದರದ ನೀರು, ತಳದ ಪೈಪಿನದ್ದು ನೇರ ತೋಟಕ್ಕೆ. ಪಂಗಾಸಿಯಸ್ ಹಿಡಿಯುವಾಗ ಹೊಂಡ ಬರಿದು ಮಾಡುತ್ತೀರಲ್ಲ, ಆಗ ಕೊನೆಯ ಕಾಲುಭಾಗ ನೀರಿನಲ್ಲೇ ಕೊಳಕು ಅತಿ ಹೆಚ್ಚು. ಅದರ ಒಂದು ಹನಿಯೂ ಕೆಳಗಿನ ಹೊಂಡಕ್ಕೆ ಬೀಳದಂತೆ ನೋಡಿಕೊಳ್ಳಿ.

ಬೇಸಿಗೆಯ ಕೊನೆಯಲ್ಲಿ ಕೆಳಗಿನ ಹೊಂಡದ ಮೀನು ಹಿಡಿದು ಬರಿದು ಮಾಡಿ, ತಳ ಬಿರುಕು ಬಿಡುವ ತನಕ ಒಣಗಿಸಿ, ಮೇಲಿನ ಕಪ್ಪು ಕೆಸರು ಹೆರೆದು ಹೊರಹಾಕಿ. ಈ ಒಂದು ಕೆಲಸ ಮಾಡದೆ ಉಳಿದೆಲ್ಲ ಮಾಡಿದರೆ ಮುಂದಿನ ಫೆಬ್ರವರಿಗೆ ಇದೇ ಕೆನೆ ಮತ್ತೆ ಬರುತ್ತದೆ. ಮರಿ ಬಿಡುವಾಗ ಸಾಮಾನ್ಯ ಗೆಂಡೆ ಕಡಿಮೆ ಮಾಡಿ. ಅದು ಕೆಸರು ಕೆದಕುವ ಮೀನು, ಕೆದಕಿದಷ್ಟೂ ರಂಜಕ ಮೇಲೇಳುತ್ತದೆ. ಬೆಳ್ಳಿ ಗೆಂಡೆ ಸೇರಿಸಬಹುದು, ಸಸ್ಯಪ್ಲವಕವನ್ನೇ ಸೋಸುವ ಮೀನದು. ಆದರೆ ಬೆಳ್ಳಿ ಗೆಂಡೆ ಬಿಟ್ಟರೆ ಮೈಕ್ರೊಸಿಸ್ಟಿಸ್ ಹೋಗಿಯೇಬಿಡುತ್ತದೆ ಎಂಬ ಮಾತನ್ನು ನಂಬಬೇಡಿ. ಲೋಳೆ ಹೊದ್ದ ಗುಂಪುಗಳಲ್ಲಿ ಒಂದಷ್ಟು ಅದರ ಕರುಳು ದಾಟಿ ಜೀವಂತವಾಗಿಯೇ ಹೊರಬರುತ್ತವೆ.

ದಿನದ ನಿಗಾಕ್ಕೆ ನಿಮ್ಮ ಕೈಯೇ ಉಪಕರಣ. ಹತ್ತು ಗಂಟೆಯ ಬಿಸಿಲಿನಲ್ಲಿ ತೋಳನ್ನು ನೀರಿಗಿಳಿಸಿ. ನೀರು ಮೊಣಕೈ ಮುಟ್ಟುವ ಹೊತ್ತಿಗೆ ಅಂಗೈ ಮಸುಕಾದರೆ ಹದ. ಮುಂಗೈ ಅರ್ಧ ಮುಳುಗುವ ಮುನ್ನವೇ ಅಂಗೈ ಮಾಯವಾದರೆ ಆ ದಿನ ತೂಬು ತೆರೆಯಬೇಡಿ. ಮೊಣಕೈ ದಾಟಿಯೂ ಬೆರಳು ಎಣಿಸಲು ಬಂದರೆ ಪ್ಲವಕಕ್ಕೆ ಹಸಿವು, ಸ್ವಲ್ಪ ಬಿಡಿ. ಮಳೆ ಬಂದು ಮಣ್ಣು ನೀರು ಸೇರಿದ ದಿನ ಈ ಅಳತೆ ಸುಳ್ಳು ಹೇಳುತ್ತದೆ, ಅಷ್ಟು ಗಮನವಿರಲಿ.

ಮಣ್ಣಿನ ವಾಸನೆಗೂ ಇದಕ್ಕೂ ನೇರ ಸಂಬಂಧವಿದೆ. ಕೆಲವು ನೀಲಿಹಸಿರು ಪಾಚಿಗಳು ಮತ್ತು ಕೆಸರಿನ ಬ್ಯಾಕ್ಟೀರಿಯಾಗಳು ಜಿಯೋಸ್ಮಿನ್ ಎಂಬ ವಸ್ತು ಬಿಡುತ್ತವೆ, ಒಣನೆಲಕ್ಕೆ ಮಳೆ ಬಿದ್ದಾಗ ಏಳುವ ವಾಸನೆಯೂ ಅದರದ್ದೇ. ಕಿವಿರಿನ ಮೂಲಕ ಹೋಗಿ ಮೀನಿನ ಕೊಬ್ಬಿನಲ್ಲಿ ಕೂರುತ್ತದೆ. ಮಾರುವ ಮೊದಲು ಮೀನನ್ನು ಸ್ವಚ್ಛ ಬೋರ್‌ವೆಲ್ ನೀರಿನ ತೊಟ್ಟಿಯಲ್ಲಿ, ಮೇವಿಲ್ಲದೆ, ನೀರು ಹರಿಯುತ್ತಿರುವಂತೆ ಕೆಲವು ದಿನ ಇಟ್ಟರೆ ಬಹಳಷ್ಟು ಇಳಿಯುತ್ತದೆ. ಕೊಬ್ಬು ಹೆಚ್ಚಿರುವ ಪಂಗಾಸಿಯಸ್‌ಗೆ ಗೆಂಡೆಗಿಂತ ಹೆಚ್ಚು ದಿನ ಬೇಕು. ಒಂದು ಮೀನನ್ನು ಉಪ್ಪು ಖಾರ ಹಾಕದೆ ಬರೀ ಹಬೆಯಲ್ಲಿ ಬೇಯಿಸಿ ಮೂಸಿ ನೋಡಿ, ವಾಸನೆ ಹೋಗಿದೆ ಅನ್ನಿಸಿದ ಮೇಲೆ ವ್ಯಾಪಾರಿಯನ್ನು ಕರೆಸಿ. ಕೆನೆ ಇರುವ ಈ ದಿನಗಳಲ್ಲಿ ಮಾತ್ರ ಕೆಳಗಿನ ಹೊಂಡದ ಮೀನು ಮಾರಬೇಡಿ, ಮನೆಯಲ್ಲೂ ಬಳಸಬೇಡಿ. ವಿಷ ಹೆಚ್ಚಾಗಿ ಸೇರಿಕೊಳ್ಳುವುದು ಮೀನಿನ ಯಕೃತ್ತು, ಕರುಳುಗಳಲ್ಲಿ. ಕೆನೆ ಹೋದ ಮೇಲೂ ಈ ಹೊಂಡದ ಮೀನಿನ ಒಳಭಾಗಗಳನ್ನು ಅಡುಗೆಗೆ ತೆಗೆದುಕೊಳ್ಳದೆ ಎಸೆಯುವುದು ಒಳ್ಳೆಯದು, ನಾಯಿ ಬೆಕ್ಕಿಗೂ ಹಾಕಬೇಡಿ.